ಮೊದಲ ಹೆಂಟೆ

ನನ್ನ ಮಗಳನ್ನು ಕೊಂದ ಕಾಲುವೆಯನ್ನು ಕಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಇನ್ಯಾರದೋ ಬಾಯಿಂದ ನೀವು ಕೇಳುವುದು ಬೇಡ.

ನನ್ನ ಹೆಸರು ಮೂಕ್ಕನ್. ಕುರುವಿಮಲೆ ಟೀ ತೋಟದಲ್ಲಿ ನಲವತ್ತೊಂದು ವರ್ಷದಿಂದ ಕಾಲುವೆ ಕಡಿಯುತ್ತಿದ್ದೇನೆ. ಹೆಂಗಸರು ಎಲೆ ಕೀಳುತ್ತಾರೆ. ಗಂಡಸರಲ್ಲಿ ಕೆಲವರು ಗಿಡ ಸವರುತ್ತಾರೆ, ಕೆಲವರು ಔಷಧಿ ಹೊಡೆಯುತ್ತಾರೆ. ನಾವು ನಾಲ್ಕು ಜನ ಗುಡ್ಡಕ್ಕೆ ಅಡ್ಡಡ್ಡ ಕಾಲುವೆ ಕಡಿಯುತ್ತೇವೆ. ಲಂಕೆಯ ಈ ಗುಡ್ಡಗಳ ಮೇಲೆ ಸುರಿಯುವ ನೀರನ್ನು ಹಿಡಿದು, ಬಾಗಿಸಿ, ಹಳ್ಳಕ್ಕೆ ಮುಟ್ಟಿಸುವುದು ನಮ್ಮ ಕೆಲಸ. ನಮ್ಮ ಬೆನ್ನು ನೆಟ್ಟಗಾಗುವುದಿಲ್ಲ. ಅಂಗೈ ಎಮ್ಮೆಯ ಚರ್ಮ. ಜಿಗಣೆ ಕಾಲ್ಬೆರಳ ಸಂದಿಯಲ್ಲಿ ಕೂತು ಉಂಡು ಹೋದರೂ ಗೊತ್ತಾಗುವುದಿಲ್ಲ.

ನಾವಿರುವ ಸಾಲುಮನೆಗೆ ಲಾಯ ಎನ್ನುತ್ತಾರೆ. ಬಿಳಿಯರ ಕಾಲದಲ್ಲಿ ಇಟ್ಟ ಹೆಸರು. ಹತ್ತು ಕೋಣೆ, ಉದ್ದಕ್ಕೂ ಒಂದೇ ತಗಡು. ಕುದುರೆ ಕಟ್ಟುವ ಜಾಗಕ್ಕೂ ಅದೇ ಹೆಸರು. ಕುದುರೆಯಾದರೆ ಒಂದು ಕೋಣೆಗೆ ಒಂದೇ ಇರುತ್ತದೆ.

ಕಾಲುವೆ ಕಡಿಯುವವರಲ್ಲಿ ಒಂದು ಕಟ್ಟಳೆ ಇದೆ. ನನ್ನಪ್ಪ ಗುದ್ದಲಿ ಕೈಗೆ ಕೊಡುವ ಮುಂಚೆ ಅದನ್ನು ಹೇಳಿಕೊಟ್ಟ. ಹೊಸ ಕಾಲುವೆ ತೋಡುವಾಗ ಮೊದಲ ಏಟಿಗೆ ಎದ್ದ ಹೆಂಟೆಯನ್ನು ಬಿಸಾಡಬಾರದು. ಅದನ್ನು ಎರಡು ಕೈಯಲ್ಲಿ ಹಿಡಿದು ಕೆಳಗಿಳಿಯಬೇಕು. ಆ ನೀರಿನ ದಾರಿಗೆ ಮೊದಲು ಸಿಗುವ ಮನೆಯ ಹೊಸಿಲಿಗೆ ಇಡಬೇಕು. "ನೀರು ನಿಮ್ಮ ಕಡೆ ಬರ್ತದೆ, ಒಪ್ಪಿಗೆಯಾ?" ಎಂದು ಕೇಳಬೇಕು. ಮನೆಯವರು ಹೆಂಟೆಯನ್ನು ಕೈಯಾರೆ ಎತ್ತಿ ವಾಪಸು ಕೊಟ್ಟರೆ ಕಡಿಯುವ ಹಾಗಿಲ್ಲ. ಬೇರೆ ದಾರಿ ನೋಡಬೇಕು. ವಾಪಸು ಕೊಡದಿದ್ದರೆ ಒಪ್ಪಿದ ಹಾಗೆ. ಬಿಳಿ ದೊರೆಗಳೂ ಇದಕ್ಕೆ ಅಡ್ಡ ಬಂದಿರಲಿಲ್ಲ. ನೀರಿನ ಭಯ ಅವರಿಗೂ ಇತ್ತು.

ಈಗಿನ ದೊರೆ ತೆನ್ನಕೋನ್ ಬಂದು ಮೂರು ವರ್ಷ. ಟೀಯಲ್ಲಿ ಕಾಸು ಹುಟ್ಟುವುದಿಲ್ಲ ಎಂದು ಬಂಗಲೆಯನ್ನು ಹೋಟೆಲು ಮಾಡಿದ. ಕೊಲಂಬೊದಿಂದ ಜನ ಬಂದು ಉಳಿಯುತ್ತಾರೆ. ನಾವು ಎಲೆ ಕೀಳುವುದನ್ನು ನೋಡಲಿಕ್ಕೆ ಬರುತ್ತಾರಂತೆ! ಅವರಿಗೆ ಕೂರಲು ಹುಲ್ಲುಹಾಸು ಬೇಕು, ಉಣ್ಣಲು ಗಾಜಿನ ಹಜಾರ ಬೇಕು. ಜಾಗ ಇದ್ದದ್ದು ಬಂಗಲೆಯ ಬಲಕ್ಕೆ, ದೊಡ್ಡ ಕಾಲುವೆ ಹರಿಯುವಲ್ಲಿ. ಗುಡ್ಡದ ಮೇಲಿನ ನೀರೆಲ್ಲ ಕವಲುಬಂಡೆಯ ಹತ್ತಿರ ಕೂಡಿ, ಅಲ್ಲಿಂದ ಬಂಗಲೆಯ ಪಕ್ಕ ಹಾದು ಹಳ್ಳ ಸೇರುತ್ತಿತ್ತು. ನನ್ನ ತಾತ ಕಡಿದ ಕಾಲುವೆ ಅದು.

"ಮೂಕ್ಕನ್, ಇದು ಮುಚ್ಚು. ಬಂಡೆ ಹತ್ರ ನೀರು ಎಡಕ್ಕೆ ತಿರುಗಿಸು" ಎಂದ ದೊರೆ. ನಮ್ಮ ಭಾಷೆಯನ್ನು ಅವನು ಮುರಿದು ಮುರಿದು ಆಡುತ್ತಾನೆ.

"ಎಡಕ್ಕೆ ಕೆಳಗೆ ಲಾಯ ಇದೆಯಲ್ಲ ದೊರೆ. ನೀರು ಸೀದಾ ಅದರ ಬೆನ್ನಿಗೇ ಬೀಳ್ತದೆ."

"ನೀನು ಇಂಜಿನಿಯರಾ?"

"ಅಲ್ಲ ದೊರೆ."

"ಮತ್ತೆ? ಮೂರು ದಿನ ಟೈಮು. ಹೋಗು."

ಹೋದೆ. ಮೊದಲ ಏಟು ಹಾಕಿದೆ. ಹೆಂಟೆ ಎತ್ತಿಕೊಂಡು ಇಳಿದೆ. ಆ ನೀರಿಗೆ ಮೊದಲು ಸಿಗುವ ಮನೆ ಲಾಯದ ಮೂರನೇ ಕೋಣೆ. ಅದು ನನ್ನ ಮಗಳು ತವಮಣಿಯದು. ಅವಳ ಗಂಡ ಕೊಲಂಬೊದಲ್ಲಿ ಅಂಗಡಿ ಕೆಲಸಕ್ಕಿದ್ದಾನೆ, ಅವಳು ಅತ್ತೆಯ ಜೊತೆ ಇದ್ದಳು. ತವಮಣಿಯ ಬಾಯಿ ಅವಳಮ್ಮನ ಬಾಯಿ. ಅವಳು ಹೆಂಟೆ ವಾಪಸು ಕೊಡುತ್ತಿದ್ದಳು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕೊಟ್ಟರೆ ನಾನು ದೊರೆಯ ಮುಂದೆ ನಿಂತು ಆಗಲ್ಲ ಎನ್ನಬೇಕಿತ್ತು. ನಡುದಾರಿಯಲ್ಲಿ ನಿಂತೆ. ಮೇಲಿನಿಂದ ನಮ್ಮ ಮೇಸ್ತ್ರಿ, ಕಂಗಾಣಿ ಅರುಳಪ್ಪ ಕೂಗಿದ: "ಎಲ್ಲಿಗೋ ಮೆರವಣಿಗೆ? ದೊರೆ ನೋಡ್ತಾ ಇದಾರೆ, ಹತ್ತೋ ಮೇಲಕ್ಕೆ!" ಹೆಂಟೆಯನ್ನು ಟೀ ಗಿಡದ ಬುಡಕ್ಕೆ ಹಾಕಿದೆ. ಕೈ ಒರೆಸಿಕೊಂಡೆ. ಹತ್ತಿದೆ.

ಇಷ್ಟೇ ನಾನು ಮಾಡಿದ್ದು. ಎರಡು ನಿಮಿಷದ ಕೆಲಸ.

ಮೊದಲ ವರ್ಷ ಮಳೆ ಕಡಿಮೆ, ಏನೂ ಆಗಲಿಲ್ಲ. ದೊರೆ ನನ್ನ ನೋಡಿದಾಗಲೆಲ್ಲ ನಗುತ್ತಿದ್ದ. "ಎಲ್ಲಿ ನಿನ್ನ ನೀರು?" ಎನ್ನುತ್ತಿದ್ದ. ಈ ವರ್ಷ ನವೆಂಬರಿನಲ್ಲಿ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ನಾಲ್ಕು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನವೂ ಹಾಜರಿ ಕೂಗಿದರು. ಬಾರದವರಿಗೆ ಹೆಸರಿಲ್ಲ, ಅಂದರೆ ಆ ದಿನದ ಕೂಲಿಯಿಲ್ಲ ಎಂದರು. ಹೆಂಗಸರು ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು, ಸೊಂಟಕ್ಕೆ ಪ್ಲಾಸ್ಟಿಕ್ ಕಟ್ಟಿ ಗುಡ್ಡ ಹತ್ತಿದರು. ತವಮಣಿಗೆ ಮೂರು ದಿನದಿಂದ ಜ್ವರ. ಹೆಸರು ಹೋದರೆ ಹೋಗಲಿ ಎಂದು ಮಲಗಿದಳು.

ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾನು ಎಲೆ ತೂಗುವ ಕೊಟ್ಟಿಗೆಯಲ್ಲಿದ್ದೆ. ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದಾಯಿತು. ಅದು ನಿಲ್ಲಲಿಲ್ಲ. ನನ್ನ ಹೆಂಡತಿ ಪೇಚ್ಚಿ ಬುಟ್ಟಿ ಕಿತ್ತೆಸೆದು ಓಡಿದಳು. ನಾನು ಅವಳ ಹಿಂದೆ. ನಾವು ಹೋಗುವಷ್ಟರಲ್ಲಿ ಹತ್ತು ಕೋಣೆಯಲ್ಲಿ ಐದೇ ಉಳಿದಿದ್ದವು. ಹೋದ ಐದರ ಜಾಗದಲ್ಲಿ ಕೆಂಪು ನೀರು, ಬಂಡೆ, ಬುಡಮೇಲಾದ ಟೀ ಗಿಡ. ನನ್ನ ಕಾಲುವೆಯ ನೀರು ಹೇಳಿದ ದಾರಿಯಲ್ಲೇ ಬಂದಿತ್ತು. ಒಂದು ಮೊಳ ಆಚೀಚೆ ಇಲ್ಲ. ಅಷ್ಟು ಚೆನ್ನಾಗಿ ಕಡಿದಿದ್ದೆ!

ಏಳು ಜನ ಹೋದರು. ತವಮಣಿ ಎರಡನೆಯ ದಿನ ಸಿಕ್ಕಳು. ಬಾಯಿ ತುಂಬ ಮಣ್ಣು. ಪೇಚ್ಚಿ ಅವಳ ಜಡೆ ಬಿಚ್ಚಿ ತೊಳೆದಳು. ಎಷ್ಟು ಕೊಡ ಸುರಿದರೂ ಕೆಂಪು ನೀರೇ ಇಳಿಯುತ್ತಿತ್ತು. ಸಾಕು ಎಂದು ಯಾರೂ ಹೇಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಪೇಚ್ಚಿ ಒಂದೇ ಮಾತು ಕೇಳಿದಳು.

"ಹೆಂಟೆ ಇಟ್ಟಿದ್ದೆಯಾ?"

"ಇಲ್ಲ."

ಅಷ್ಟೇ. ಆಮೇಲೆ ನನಗೆ ಟೀ ಕೊಡಲಿಲ್ಲ, ರೊಟ್ಟಿ ಕೊಡಲಿಲ್ಲ, ಮುಖ ಕೊಡಲಿಲ್ಲ.

ಉಳಿದವರನ್ನೆಲ್ಲ ತೋಟದ ಶಾಲೆಯಲ್ಲಿ ತುಂಬಿದರು. ಒಂದು ಕೋಣೆಗೆ ಹನ್ನೊಂದು ಸಂಸಾರ. ಎಂಟನೆಯ ದಿನ ಅರುಳಪ್ಪ ಒಂದು ಕಾಗದದ ಕಟ್ಟು ಹಿಡಿದು ಬಂದ. ಮೈಗೆ ಒಣ ಅಂಗಿ. ಹಾಜರಿಗೆ ಕೂಗುವ ಗಂಟಲು ಅವತ್ತು ಬೆಣ್ಣೆಯಾಗಿತ್ತು.

"ತಗಡು ಬರ್ತದೆ, ಅಕ್ಕಿ ಬರ್ತದೆ. ಎಲ್ಲರೂ ಒಂದೊಂದು ಹೆಬ್ಬೆಟ್ಟು ಒತ್ತಿ."

"ಏನಂತ ಬರ್ದಿದೆ ಅದ್ರಲ್ಲಿ?" ಎಂದಳು ಪೇಚ್ಚಿ.

"ಏನೋ ಇರ್ತದೆ. ನಿನಗ್ಯಾಕೆ?"

"ನನ್ನ ಮಗಳು ಸತ್ತಿರೋದು. ನಿನ್ನ ಮಗಳಲ್ಲ. ಓದು."

ಅವನು ಓದಿದ. ಲಾಯದ ಹಿಂದೆ ನಾವು ಬೀನ್ಸ್ ಹಾಕಲು ಗುಡ್ಡ ಕೆದಕಿದ್ದೆವಂತೆ. ಅದಕ್ಕೇ ಮಣ್ಣು ಕುಸಿಯಿತಂತೆ. ತೋಟದ್ದೇನೂ ತಪ್ಪಿಲ್ಲವಂತೆ. ದೇವರು ಕೊಟ್ಟ ಮಳೆಯಂತೆ. ಪೇಚ್ಚಿ ಎದ್ದು ಅವನ ಹತ್ತಿರ ಹೋದಳು.

"ಬೀನ್ಸಾ? ಅಂಗೈ ಅಗಲದ ಪಾತಿ, ಅದರಲ್ಲಿ ನಾಲ್ಕು ಬಳ್ಳಿ. ಅದು ಐದು ಕೋಣೆ ನುಂಗ್ತಾ? ಥೂ ನಿನ್ನ! ನೀನೂ ಇದೇ ಲಾಯದಲ್ಲಿ ಹುಟ್ಟಿದವನು ಕಣೋ ಅರುಳಪ್ಪ. ನಿನ್ನವ್ವ ಹೆತ್ತಾಗ ಬಿಸಿನೀರು ಕಾಸಿದ್ದು ನಮ್ಮತ್ತೆ. ಅದಾದ್ರೂ ನೆನಪಿದೆಯಾ, ಇಲ್ಲ ಅದನ್ನೂ ದೊರೆ ಕಾಸಿದ್ದಾ?"

ಹೆಂಗಸರು ನಕ್ಕರು. ಎಂಟು ದಿನಕ್ಕೆ ಮೊದಲ ನಗು. ಅರುಳಪ್ಪನ ಮುಖ ಕಪ್ಪಿಟ್ಟಿತು.

"ಹೆಬ್ಬೆಟ್ಟು ಒತ್ತದೋರಿಗೆ ತಗಡಿಲ್ಲ" ಎಂದು ಗೊಣಗಿಕೊಂಡು ಬಾಗಿಲಿಗೆ ಹೋದ. ಅಲ್ಲಿಂದ ನನ್ನ ಕಡೆ ತಿರುಗಿದ. "ಮೂಕ್ಕಾ, ನಾಳೆ ಹಾಜರಿಗೆ ಬಾ. ದೊರೆಗೆ ಕೆಲಸ ಇದೆ."

ಮಾರನೆಯ ಬೆಳಗ್ಗೆ ಹಾಜರಿ ಕಟ್ಟೆಯಲ್ಲಿ ಎಲ್ಲರೂ ನಿಂತಿದ್ದೆವು. ಮಳೆ ನಿಂತಿತ್ತು, ಮೋಡ ತಲೆಯ ಮೇಲೇ ಕೂತಿತ್ತು. ಇನ್ನೊಂದು ಮಳೆ ಬರುತ್ತಿದೆ ಎಂದು ಬೆಳಗ್ಗೆಯಿಂದ ರೇಡಿಯೋ ಬಡಿದುಕೊಳ್ಳುತ್ತಿತ್ತು. ದೊರೆ ಕೊಡೆ ಹಿಡಿದುಕೊಂಡು ಬಂದ. ಶೂ ನೋಡಿಕೊಂಡು ನಡೆದ.

"ಮೂಕ್ಕನ್. ಎಡದ ಕಾಲುವೆ ಮಣ್ಣು ತುಂಬಿದೆ. ನೀರು ನನ್ನ ಹುಲ್ಲುಹಾಸಿಗೆ ಬರ್ತಾ ಇದೆ. ಶನಿವಾರ ಮದುವೆ ಪಾರ್ಟಿ ಇದೆ ನನಗೆ. ಇವತ್ತೇ ಬಿಡಿಸು."

"ಎಡದ್ದಾ ದೊರೆ?"

"ಎಡದ್ದು."

"ಅಲ್ಲಿ ಇನ್ನೂ ಐದು ಕೋಣೆ ನಿಂತಿದೆ. ಕೆಳಗೆ ಶಾಲೆ ಇದೆ. ಶಾಲೇಲಿ ನಾವೆಲ್ಲ ಇದೀವಿ."

"ಅದು ನಾನು ನೋಡ್ತೀನಿ."

ನೋಡುತ್ತಾನಂತೆ. ಏಳು ಹೆಣ ಹೊತ್ತಾಗ ಒಂದು ಸಲವೂ ಕೆಳಗಿಳಿದು ನೋಡದವನು. ನನ್ನ ಮೈಯಲ್ಲಿ ಏನೋ ಕಳಚಿಕೊಂಡಿತು. ಭಯ ಅಂದುಕೊಂಡೆ. ಭಯ ಅಲ್ಲ, ಭಯ ಇದ್ದ ಜಾಗ ಖಾಲಿಯಾದದ್ದು.

"ಆಗಲ್ಲ" ಎಂದೆ.

ನಲವತ್ತೊಂದು ವರ್ಷದಲ್ಲಿ ಆ ಕಟ್ಟೆಯ ಮೇಲೆ ಆ ಮಾತು ನಾನು ಆಡಿರಲಿಲ್ಲ. ಆಡಿದರೆ ಬಾಯಿ ಸುಡುತ್ತದೆ ಎಂದುಕೊಂಡಿದ್ದೆ. ಸುಡಲಿಲ್ಲ.

"ಏನು?"

"ಎಡದ್ದು ನಾನು ಕಡಿಯಲ್ಲ. ಬಲದ್ದು ಕಡೀತೀನಿ. ನಮ್ಮ ತಾತನದ್ದು."

ದೊರೆ ಅರುಳಪ್ಪನನ್ನು ನೋಡಿದ. ಅರುಳಪ್ಪ ನೆಲ ನೋಡಿದ. "ಇವನ ಹೆಸರು ಹೊಡಿ" ಎಂದು ದೊರೆ ತಿರುಗಿ ಬಂಗಲೆಗೆ ಹತ್ತಿದ. ತಿಂಡಿಯ ಹೊತ್ತಾಗಿತ್ತು ಅವನಿಗೆ.

ನಾನು ಗುದ್ದಲಿ ತೆಗೆದುಕೊಂಡು ಕವಲುಬಂಡೆಗೆ ನಡೆದೆ. ಮುಚ್ಚಿದ ಕಾಲುವೆಯ ತಲೆಗೆ ಒಂದೇ ಏಟು ಹಾಕಿದೆ. ಹೆಂಟೆ ಎದ್ದಿತು. ಎರಡು ಕೈಯಲ್ಲಿ ಹಿಡಿದೆ. ಕೆಳಗೆ ಎಲ್ಲರೂ ನೋಡುತ್ತಿದ್ದರು. ಪೇಚ್ಚಿ ಗುಂಪಿನಿಂದ ಈಚೆ ಬಂದು ನನ್ನ ಹಿಂದೆ ನಡೆದಳು. ಒಂಬತ್ತು ದಿನದ ಮೇಲೆ.

ಬಂಗಲೆಗೆ ನಾವು ಹೋಗುವುದು ಹಿತ್ತಿಲ ಬಾಗಿಲಲ್ಲಿ. ಅದೂ ಹೊರಗೇ ನಿಂತು. ಅವತ್ತು ಮುಂಬಾಗಿಲಲ್ಲಿ ಹೋದೆ. ಕೆಸರುಗಾಲಲ್ಲಿ ರತ್ನಗಂಬಳಿಯ ಮೇಲೆ ನಡೆದೆ. ಮೆತ್ತಗಿತ್ತು. ಗಾಜಿನ ಹಜಾರದಲ್ಲಿ ದೊರೆ ಮೊಟ್ಟೆ ತಿನ್ನುತ್ತಿದ್ದ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಅವನ ತಟ್ಟೆಯ ಪಕ್ಕದಲ್ಲೇ, ಹೆಂಟೆ ಇಟ್ಟೆ. ಅದರಿಂದ ಒಂದು ಎರೆಹುಳ ಹೊರಬಂತು.

"ದೊರೆ, ನಾನು ಕಾಲುವೆ ಕಡಿಯೋ ಮೂಕ್ಕನ್. ನೀರು ನಿಮ್ಮ ಕಡೆ ಬರ್ತದೆ. ಒಪ್ಪಿಗೆಯಾ?"

"ನಿನಗೆ ಹುಚ್ಚಾ? ಹೊರಗೆ ಹೋಗು!"

"ಹೋಗ್ತೀನಿ. ಇದು ನಮ್ಮ ಕಟ್ಟಳೆ. ಈ ಮಣ್ಣು ನಿಮ್ಮ ಕೈಯಾರೆ ಎತ್ತಿ ನನಗೆ ವಾಪಸು ಕೊಡಿ. ಕೊಟ್ಟರೆ ನಾನು ಕಡಿಯಲ್ಲ. ನನ್ನ ಮಗಳ ಮೇಲಾಣೆ."

ಕೈ ಚಾಚಿ ನಿಂತೆ. ನಿಜ ಹೇಳುತ್ತೇನೆ, ಎತ್ತಿಕೊಟ್ಟಿದ್ದರೆ ಗುದ್ದಲಿ ಕೆಳಗಿಟ್ಟು ಹೋಗುತ್ತಿದ್ದೆ. ಕಟ್ಟಳೆ ಎಂದರೆ ಕಟ್ಟಳೆ. ಒಂದು ಹಿಡಿ ಮಣ್ಣು. ನಾವು ಹುಟ್ಟಿದಾಗಿನಿಂದ ತಿಂದ ಮಣ್ಣು, ನನ್ನ ಮಗಳ ಬಾಯಲ್ಲಿದ್ದ ಮಣ್ಣು. ಅವನು ಅದನ್ನು ನೋಡಿದ. ತನ್ನ ಕೈ ನೋಡಿಕೊಂಡ. ಮೂಗು ಮುರಿದ.

"ಸೆಬಮಾಲೆ!" ಎಂದು ಅಡುಗೆಯವನನ್ನು ಕೂಗಿದ. "ಇದು ತೆಗೆದು ಎಸಿ. ಬಟ್ಟೆ ಬದಲಿಸು."

ಸೆಬಮಾಲೆ ನಮ್ಮವನೇ, ಮೇಲಿನ ಲಾಯದವನು. ಅವನಿಗೆ ಕಟ್ಟಳೆ ಗೊತ್ತು. ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

"ಅದನ್ನ ನಾನು ಮುಟ್ಟೋ ಹಾಗಿಲ್ಲ ದೊರೆ. ಮನೆಯವರೇ ಮುಟ್ಟಬೇಕು" ಎಂದ.

ದೊರೆ ಫೋರ್ಕಿನಿಂದ ಹೆಂಟೆಯನ್ನು ನೂಕಿದ. ಅದು ಮೇಜಿನಿಂದ ಬಿದ್ದು ಒಡೆಯಿತು.

"ವಾಪಸು ಬರಲಿಲ್ಲ" ಎಂದಳು ಪೇಚ್ಚಿ ಗಟ್ಟಿಯಾಗಿ. "ಒಪ್ಪಿಗೆ ಆಯ್ತು. ಸೆಬಮಾಲೆ, ಒಳಗಿರೋ ನಮ್ಮವರನ್ನೆಲ್ಲ ಹೊರಗೆ ಕರ್ಕೊಂಡು ಬಾ. ಅತಿಥಿಗಳಿಗೂ ಹೇಳು, ಮಧ್ಯಾಹ್ನದೊಳಗೆ ಗಂಟುಮೂಟೆ ಕಟ್ಟಲಿ. ಮಳೆ ಬರ್ತಾ ಇದೆ."

ಮುಚ್ಚಿದ ಕಾಲುವೆಯ ಮಣ್ಣು ಹೊಸದು, ಸಡಿಲ. ಗುದ್ದಲಿ ತಾನೇ ಇಳಿಯುತ್ತಿತ್ತು. ಇಪ್ಪತ್ತು ಏಟು ಹಾಕಿರಬೇಕು, ಪಕ್ಕದಲ್ಲಿ ಇನ್ನೊಂದು ಗುದ್ದಲಿಯ ಸದ್ದು ಕೇಳಿಸಿತು. ಕಾಲುವೆ ಕಡಿಯುವ ಉಳಿದ ಮೂವರು ಬಂದಿದ್ದರು. ಹಿಂದೆ ಹೆಂಗಸರು. ಎಲೆ ಬುಟ್ಟಿಯಲ್ಲಿ ಮಣ್ಣು ತುಂಬಿ ಹಣೆಗೆ ಹಗ್ಗ ಕೊಟ್ಟು ಹೊತ್ತರು. ಎಲೆಗಿಂತ ಮಣ್ಣು ಭಾರ, ಆದರೂ ಯಾರೂ ತೂಕದ ಮಾತಾಡಲಿಲ್ಲ. ಪೇಚ್ಚಿ ಸೀರೆ ಕಚ್ಚೆ ಹಾಕಿ ಕಾಲುವೆಗಿಳಿದಳು. ಕೈಯಲ್ಲೇ ಕಲ್ಲು ಕಿತ್ತಳು. ಉಗುರಿನಿಂದ ರಕ್ತ ಬಂತು. "ಕೈ ನೋಡ್ಕೋ" ಎಂದೆ. "ನಿನ್ನ ಕೆಲಸ ನೋಡ್ಕೋ" ಎಂದಳು. ಅಷ್ಟು ಮಾತಿಗೇ ನನ್ನ ಕಣ್ಣಲ್ಲಿ ನೀರು ಬಂತು. ಬೆವರಿನ ಜೊತೆ ಹೋಯಿತು.

ಅರುಳಪ್ಪ ಹುಲ್ಲುಹಾಸಿನ ಅಂಚಿನಲ್ಲಿ ನಿಂತು ಫೋನಿನಲ್ಲಿ ಎಲ್ಲರ ಫೋಟೋ ತೆಗೆಯುತ್ತಿದ್ದ. "ಎಲ್ಲರೂ ಜೈಲಿಗೆ ಹೋಗ್ತೀರಿ!" ಎಂದ.

"ನನ್ನದು ಚೆನ್ನಾಗಿ ತೆಗಿಯೋ, ಮದುವೇಲೂ ಒಂದು ಫೋಟೋ ತೆಗೆಸ್ಲಿಲ್ಲ ನಮ್ಮಪ್ಪ" ಎಂದಳೊಬ್ಬಳು ಮುದುಕಿ.

ನಡುಮಧ್ಯಾಹ್ನಕ್ಕೆ ಹುಲ್ಲುಹಾಸು ಸೀಳಿದೆವು. ಗಾಜಿನ ಹಜಾರದ ಬುಡದವರೆಗೂ ಕಡಿದು ನಿಲ್ಲಿಸಿದೆ. ಹಜಾರವನ್ನು ನಾವು ಮುಟ್ಟಲಿಲ್ಲ. ಕಾಲುವೆಯ ನೆತ್ತಿಯ ಮೇಲೆ ಅದನ್ನು ಕಟ್ಟಿದವನು ಅವನು, ಮಿಕ್ಕಿದ್ದು ನೀರಿಗೂ ಅವನಿಗೂ ಬಿಟ್ಟದ್ದು. ಅತಿಥಿಗಳ ಕಾರುಗಳು ಒಂದೊಂದಾಗಿ ಗುಡ್ಡ ಇಳಿದು ಹೋದವು. ಸೆಬಮಾಲೆ ಅಡುಗೆಮನೆಯವರನ್ನು ಕರೆದುಕೊಂಡು ಹೊರಬಂದ. ದೊರೆ ಹೊರಬರಲಿಲ್ಲ. ಫೋನು ಮಾಡುತ್ತಿದ್ದ.

ಎರಡು ಗಂಟೆಗೆ ಮಳೆ ಬಂತು. ಹನಿಯಲ್ಲ, ಬಿಂದಿಗೆ ಬಗ್ಗಿಸಿದ ಹಾಗೆ. ಅರ್ಧ ಗಂಟೆಯಲ್ಲಿ ಮೇಲಿನ ಗುಡ್ಡ ಕೆಂಪಾಯಿತು. ನೀರು ಕವಲುಬಂಡೆಗೆ ಬಂದು ಬಲಕ್ಕೆ ನುಗ್ಗಿತು. ನಾವು ಎಲ್ಲರೂ ಎತ್ತರದಲ್ಲಿ, ಮಳೆಯಲ್ಲೇ ನಿಂತು ನೋಡಿದೆವು. ನೀರು ಹುಲ್ಲುಹಾಸನ್ನು ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಹೋಯಿತು. ಮೊದಲ ಗಾಜು ಒಡೆದ ಸದ್ದು ಕೇಳಿದಾಗ ನನ್ನ ಎದೆ ತಣ್ಣಗಾಯಿತು. ಎರಡನೆಯದು, ಮೂರನೆಯದು. ಮೇಜುಗಳು ತೇಲಿದವು. ಬಿಳಿ ಬಟ್ಟೆ, ರತ್ನಗಂಬಳಿ, ಮದುವೆಗೆ ತಂದಿಟ್ಟ ನೂರಾರು ಬಣ್ಣದ ಕುರ್ಚಿ ಎಲ್ಲ ಹಳ್ಳಕ್ಕೆ ಹೋದವು. ದೊರೆ ಹಿತ್ತಿಲ ಬಾಗಿಲಲ್ಲಿ ಹೊರಬಂದ. ನಾವು ನಿಲ್ಲುವ ಬಾಗಿಲಲ್ಲಿ. ಮೊಣಕಾಲುದ್ದ ಕೆಸರಲ್ಲಿ ಬಿದ್ದ, ಎದ್ದ, ಮತ್ತೆ ಬಿದ್ದ. ಬಾಯಿಗೆ ಮಣ್ಣು ಹೋಯಿತು. ಉಗಿದ.

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಹೊಟ್ಟೆ ತುಂಬ ಉಂಡಂತಾಯಿತು. ಪೇಚ್ಚಿ ಜೋರಾಗಿ ನಕ್ಕಳು. ನಗುತ್ತಾ ನಗುತ್ತಾ ಎದೆ ಎದೆ ಬಡಿದುಕೊಂಡು ಅತ್ತಳು. ಕೆಳಗೆ ಐದು ಕೋಣೆಯೂ ಶಾಲೆಯೂ ಕೆಂಪು ನೀರು ಸೋಕದೆ ನಿಂತಿದ್ದವು.

ಸಂಜೆ ಪೊಲೀಸು ಜೀಪು ಬಂತು. ನಾನೇ ಹೋಗಿ ಹತ್ತಿದೆ. ಠಾಣೆಯ ಸಾರ್ಜೆಂಟಿಗೆ ನಮ್ಮ ಭಾಷೆ ಬರುತ್ತಿತ್ತು. ದೊರೆ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದ. ನಾನು ನೆಲದ ಮೇಲೆ.

"ಕಾಲುವೆ ಕಡಿದೋರು ಯಾರು?"

"ನಾನು."

"ಒಪ್ಕೊಂಡ. ಬರಿ" ಎಂದ ಸಾರ್ಜೆಂಟ್ ಬರೆಯುವವನಿಗೆ. "ತೋಟದ ಆಸ್ತಿ ಹಾಳು ಮಾಡಲು ಕಾಲುವೆ ಕಡಿದಿರುತ್ತಾನೆ."

"ಯಾವ ಕಾಲುವೆ ಸಾರ್?"

"ಯಾವುದಂದ್ರೆ?"

"ಎರಡು ಕಡಿದಿದೀನಿ. ಎರಡೂ ಬರೀರಿ. ಹಿಂದಿನ ವರ್ಷ ಒಂದು. ಅದರಲ್ಲಿ ಏಳು ಜನ ಸತ್ರು. ಇವತ್ತು ಒಂದು. ಇದರಲ್ಲಿ ಕುರ್ಚಿ ಸತ್ವು. ಮೊದಲನೇದು ಕಡಿ ಅಂದೋರು ಈ ದೊರೆ. ಮೂರು ದಿನ ಟೈಮು ಕೊಟ್ಟಿದ್ರು. ಅಲ್ಲಿ ಜನ ಇದಾರೆ ಅಂತ ನಾನು ಹೇಳಿದೀನಿ. ಅರುಳಪ್ಪನೂ ನಿಂತಿದ್ದ, ಅವನನ್ನೂ ಕರೀರಿ. ಕೊಂದ ಕೈ ನನ್ನದು. ಬಾಯಿ ಅವರದು. ಇಬ್ಬರನ್ನೂ ಹಾಕಿ ಒಳಗೆ."

ಬರೆಯುವವನ ಪೆನ್ನು ನಿಂತಿತು. ಸಾರ್ಜೆಂಟ್ ದೊರೆಯನ್ನು ನೋಡಿದ. ದೊರೆ ಎದ್ದು ಅವನ ಕಿವಿಯಲ್ಲಿ ಸಿಂಹಳದಲ್ಲಿ ಏನೋ ಹೇಳಿದ. ಬಹಳ ಹೊತ್ತು ಹೇಳಿದ. ಸಾರ್ಜೆಂಟ್ ಗಂಟಲು ಸರಿ ಮಾಡಿಕೊಂಡ.

"ನೋಡು ಮೂಕ್ಕಾ, ದೊರೆ ದೊಡ್ಡ ಮನಸ್ಸು ಮಾಡಿದಾರೆ. ಮಗಳು ಸತ್ತ ದುಃಖದಲ್ಲಿ ಮಾಡಿದೀಯ ಅಂತ ಬಿಟ್ಟಿದಾರೆ. ದೂರು ವಾಪಸು. ಮನೆಗೆ ಹೋಗು."

ಬಾಗಿಲು ತೆರೆದಿತ್ತು. ಜಗುಲಿಯ ಮೇಲೆ ಪೇಚ್ಚಿ ಮತ್ತು ಹೆಂಗಸರು ಒದ್ದೆ ಸೀರೆಯಲ್ಲಿ ಕೂತಿದ್ದರು.

"ಯಾವ ಮನೆಗೆ ಸಾರ್?" ಎಂದೆ.

"ಹೋಗೋ ಅಂದ್ರೆ ಹೋಗಬೇಕಪ್ಪ. ಕೇಸಿಲ್ಲ ಅಂತಿದೀನಲ್ಲ!"

"ಕೇಸು ಬೇಕು ನನಗೆ. ಹಾಕದೆ ಏಳಲ್ಲ. ಕತ್ತು ಹಿಡಿದು ದೂಡಿ, ಮತ್ತೆ ಬಂದು ಕೂರ್ತೀನಿ. ನಾನು ಸತ್ತರೆ ಅವಳು ಬಂದು ಕೂರ್ತಾಳೆ."

"ಕೂರ್ತೀನಿ" ಎಂದಳು ಪೇಚ್ಚಿ ಜಗುಲಿಯಿಂದ.

ದೊರೆಯ ಕಂಬಳಿ ಹೆಗಲಿಂದ ಜಾರಿತ್ತು. ಅವನು ಅದನ್ನು ಎಳೆದುಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದ. ಮೂರು ವರ್ಷದಲ್ಲಿ ಮೊದಲ ಸಲ ಅವನು ನನ್ನ ಮುಖವನ್ನು ನೆಟ್ಟಗೆ ನೋಡಿದ್ದು. ನಾನೂ ಕಣ್ಣು ತೆಗೆಯಲಿಲ್ಲ. ನೆಲದ ಮೇಲೆ ಕಾಲು ಮಡಚಿ, ಗೋಡೆಗೆ ಒರಗಿ ಕೂತೆ.

"ಬರ್ಕೊಳ್ಳಿ" ಎಂದೆ ಬರೆಯುವವನಿಗೆ. "ಏಳು ಹೆಸರಿದೆ, ನಿಧಾನಕ್ಕೆ ಹೇಳ್ತೀನಿ. ಒಂದನೇದು ತವಮಣಿ. ವಯಸ್ಸು ಇಪ್ಪತ್ತಾರು."